ಇಬ್ಬರು ವಿದ್ಯಾರ್ಥಿಗಳ ಮೊದಲ ವಿದೇಶ ಪ್ರವಾಸ: ನೇಪಾಳವೋ, ಶ್ರೀಲಂಕೆಯೋ, ವಿಯೆಟ್ನಾಮೋ, ಥಾಯ್ಲೆಂಡೋ?

ಪದವಿಯ ಕೊನೆಯ ವರ್ಷದಲ್ಲಿರುವ ಇಬ್ಬರು ಸ್ನೇಹಿತರು ಒಮ್ಮೆ ವಿದೇಶ ನೋಡಿಬರಬೇಕೆಂದು ಕುಳಿತು ಮಾತಾಡಿದಾಗ ಮೊದಲು ನೋಡುವುದು ವಿಮಾನದ ಟಿಕೆಟ್ ದರವನ್ನು. ಯಾವ ಊರಿನ ಟಿಕೆಟ್ ಕಡಿಮೆಗೆ ಸಿಗುತ್ತದೆಯೋ ಆ ದೇಶವೇ ಅಗ್ಗವೆಂದು ಅಲ್ಲಿಗೇ ತೀರ್ಮಾನವಾಗಿಬಿಡುತ್ತದೆ. ನಾನೂ ನನ್ನ ಗೆಳತಿಯೂ ಮೊದಲ ಸಲ ಹಾಗೆಯೇ ಮಾಡಿದೆವು. ಆಮೇಲೆ ಬೇರೆ ಬೇರೆ ರಜೆಗಳಲ್ಲಿ ಶ್ರೀಲಂಕೆ, ನೇಪಾಳ, ವಿಯೆಟ್ನಾಂಗಳಿಗೆ ಜೊತೆಯಾಗಿ ಹೋಗಿ, ಥಾಯ್ಲೆಂಡಿಗೆ ನಾನೊಬ್ಬಳೇ ಹೋಗಿ ಬಂದ ಮೇಲೆ ನನಗೆ ಮನದಟ್ಟಾಗಿರುವ ಸಂಗತಿ ಇದು: ವಿದ್ಯಾರ್ಥಿಗೆ ದೇಶವನ್ನು ಆರಿಸಿಕೊಡಬೇಕಾದದ್ದು ಟಿಕೆಟ್ ದರವಲ್ಲ, ಕೈಯಲ್ಲಿರುವ ದಿನಗಳ ಸಂಖ್ಯೆ. ಹೋಗಿಬರುವ ಖರ್ಚು ಮತ್ತು ವೀಸಾ ಶುಲ್ಕ ನೀವು ಮೂರು ದಿನ ಇದ್ದರೂ ಹದಿಮೂರು ದಿನ ಇದ್ದರೂ ಒಂದೇ. ಆ ಮೊತ್ತವನ್ನು ದಿನಗಳಿಂದ ಭಾಗಿಸಿ, ಅದಕ್ಕೆ ದಿನದ ಊಟ, ತಂಗುವಿಕೆ, ಓಡಾಟದ ಖರ್ಚನ್ನು ಕೂಡಿಸಿದಾಗ ಬರುವ ಅಂಕಿಯನ್ನೇ ಹೋಲಿಸಬೇಕು. ಹೀಗೆ ಲೆಕ್ಕ ಹಾಕಿದಾಗ ನಾಲ್ಕು ದೇಶಗಳ ಸ್ಥಾನ ಅದಲುಬದಲಾಗುವುದನ್ನು ನೋಡಿ ನಾವಿಬ್ಬರೂ ಬೆರಗಾದೆವು.

ಕೆಳಗಿನ ಮೊತ್ತಗಳೆಲ್ಲ ಬೆಂಗಳೂರಿನಿಂದ ಹೊರಡುವ, ಇಬ್ಬರು ಒಂದೇ ಕೋಣೆ ಹಂಚಿಕೊಳ್ಳುವ, ಬಸ್ಸು ರೈಲುಗಳಲ್ಲೇ ಓಡಾಡುವ ಪ್ರವಾಸಕ್ಕೆ ತಲಾ ಒಬ್ಬರಿಗೆ ನಾನು ಹಾಕಿರುವ ಅಂದಾಜು. ಟಿಕೆಟ್ ದರಗಳು ವಾರದಿಂದ ವಾರಕ್ಕೆ ಏರಿಳಿಯುವುದರಿಂದ ಇವುಗಳನ್ನು ಅಳತೆಗೋಲಾಗಿ ಮಾತ್ರ ಇಟ್ಟುಕೊಂಡು, ನಿಮ್ಮ ತಾರೀಖಿನ ದರ ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿಕೊಳ್ಳಬೇಕು.

ನೇಪಾಳದಿಂದ ಆರಂಭಿಸುತ್ತೇನೆ, ಏಕೆಂದರೆ ಈ ನಾಲ್ಕರಲ್ಲಿ ರೈಲು ಹತ್ತಿಯೇ ತಲುಪಬಹುದಾದ ದೇಶ ಅದೊಂದೇ. ಯಶವಂತಪುರದಿಂದ ಗೋರಖಪುರಕ್ಕೆ ವಾರದ ಕೆಲವು ದಿನ ನೇರ ರೈಲಿದೆ. ಪ್ರಯಾಣ ಸುಮಾರು ಎರಡು ದಿನ, ಸ್ಲೀಪರ್ ದರ್ಜೆಯ ಟಿಕೆಟ್ ಸಾವಿರ ರೂಪಾಯಿಯ ಆಸುಪಾಸು. ಗೋರಖಪುರದಿಂದ ಸುನೌಲಿ ಗಡಿಗೆ ಬಸ್ಸಿನಲ್ಲಿ ಎರಡು ಮೂರು ಗಂಟೆ. ಗಡಿಯಲ್ಲಿ ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟಿಗೆ ಮೊಹರೂ ಬೇಡ. ಬೆನ್ನಿಗೆ ಚೀಲ ಹಾಕಿಕೊಂಡು ಕಮಾನಿನ ಕೆಳಗೆ ನಡೆದು ಆಚೆ ಹೋದರೆ ಆಯಿತು. ಅಲ್ಲಿ ಮೊದಲು ಬದಲಾಗುವುದು ಗಡಿಯಾರ: ನೇಪಾಳದ ಸಮಯ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿದೆ, ಮತ್ತು ಆ ಹದಿನೈದು ನಿಮಿಷವನ್ನು ಮರೆತು ನಾವು ಮೊದಲ ದಿನವೇ ಒಂದು ಬಸ್ಸನ್ನು ಕಳೆದುಕೊಂಡೆವು. ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಬರಿಯ ಆಧಾರ್ ಕಾರ್ಡ್ ನೆಚ್ಚಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬಾರದು. ಅಂದರೆ ಇನ್ನೂ ಪಾಸ್‌ಪೋರ್ಟ್ ಮಾಡಿಸದ ಗೆಳೆಯನೊಬ್ಬ ನಿಮ್ಮ ಜೊತೆಗಿದ್ದರೆ, ಅವನನ್ನು ಬಿಟ್ಟುಹೋಗದೆ ನೋಡಿಬರಬಹುದಾದ ವಿದೇಶ ಇದು.

ಹಣದ ಲೆಕ್ಕವೂ ಇಲ್ಲಿ ಸುಲಭ. 1993ರಿಂದ ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60 ರೂಪಾಯಿ ಎಂಬ ದರ ಸ್ಥಿರವಾಗಿದೆ. ಯಾರೂ ಲೆಕ್ಕದಲ್ಲಿ ನಮ್ಮನ್ನು ಮೋಸಗೊಳಿಸಲಾರರು. 2024ರಿಂದ ಅನೇಕ ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ. ದೊಡ್ಡ ಭಾರತೀಯ ನೋಟುಗಳನ್ನು ಒಯ್ಯುವ ನಿಯಮ ಬದಲಾಗುತ್ತಾ ಬಂದಿರುವುದರಿಂದ ನೂರರ ನೋಟುಗಳ ಒಂದು ಕಟ್ಟು ಇಟ್ಟುಕೊಳ್ಳುವುದು ಈಗಲೂ ಕ್ಷೇಮ. ಕಾಠ್ಮಂಡು, ಪಾಟನ್, ಭಕ್ತಪುರಗಳ ದರ್ಬಾರ್ ಚೌಕಗಳಲ್ಲಿ ಭಾರತವೂ ಸೇರಿರುವ ಸಾರ್ಕ್ ಕೂಟದ ದೇಶಗಳ ಪ್ರಜೆಗಳಿಗೆ ಬೇರೆ ವಿದೇಶಿಯರಿಗಿಂತ ಬಹಳ ಕಡಿಮೆ ದರವಿದೆ. ಪೊಖರಾದಿಂದ ಚಾರಣಕ್ಕೆ ಹೋಗಲು ಬೇಕಾದ ಅನ್ನಪೂರ್ಣ ಸಂರಕ್ಷಣಾ ವಲಯದ ಪರವಾನಗಿಗೆ ಇತರರು 3,000 ನೇಪಾಳಿ ರೂಪಾಯಿ ಕೊಟ್ಟರೆ ನಾವು ಕೊಡುವುದು 1,000. ಪಶುಪತಿನಾಥ ದೇವಾಲಯದಲ್ಲಿ ನಮಗೆ ಪ್ರವೇಶ ಶುಲ್ಕವಿಲ್ಲ. ಅಲ್ಲಿ ಪೂಜೆ ಸಲ್ಲಿಸುವ ಭಟ್ಟರು ಪರಂಪರೆಯಿಂದಲೂ ಕರ್ನಾಟಕದಿಂದ ಹೋದವರೆಂಬುದನ್ನು ತಿಳಿದು ಗರ್ಭಗುಡಿಯ ಮುಂದೆ ನಿಂತಾಗ ಆಗುವ ಅನುಭವ ಬೇರೆಯದೇ. ಬಿಹಾರದ ರಕ್ಸೌಲ್ ಗಡಿಯ ಕಡೆಯಿಂದ ಹೋಗುವವರು ಇತಿಹಾಸದ ವಿದ್ಯಾರ್ಥಿಗಳಾಗಿದ್ದರೆ ಸಿಮ್ರೌನ್‌ಗಢದ ಅವಶೇಷಗಳಿಗೂ ಒಂದು ದಿನ ಕೊಡಬಹುದು. 1097ರಲ್ಲಿ ನಾನ್ಯದೇವ ಸ್ಥಾಪಿಸಿದ ಕರ್ಣಾಟ ವಂಶದ ರಾಜಧಾನಿ ಅದು.

ನೇಪಾಳದ ಕೊರತೆ ಸಮಯ. ಕಾಠ್ಮಂಡುವಿನಿಂದ ಪೊಖರಾಕ್ಕೆ ಇರುವುದು 200 ಕಿಲೋಮೀಟರ್ ಮಾತ್ರ, ಆದರೆ ತ್ರಿಶೂಲಿ ನದಿಯ ಪಕ್ಕದ ಆ ರಸ್ತೆಯಲ್ಲಿ ಬಸ್ಸಿಗೆ ಏಳೆಂಟು ಗಂಟೆ ಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಎಷ್ಟು ಹೊತ್ತೆಂದು ಯಾರೂ ಹೇಳಲಾರರು. ಮಧ್ಯಾಹ್ನ ಬಸ್ಸು ನಿಲ್ಲಿಸಿದ ಒಂದು ಹೋಟೆಲಿನಲ್ಲಿ ನಾವು ಉಂಡ ದಾಲ್ ಭಾತ್ ನನಗೆ ಇನ್ನೂ ನೆನಪಿದೆ: ಕಂಚಿನ ತಟ್ಟೆಯ ನಡುವೆ ಅನ್ನದ ಗುಡ್ಡೆ, ಬಟ್ಟಲಲ್ಲಿ ಕಪ್ಪು ಬೇಳೆಯ ಸಾರು, ಸಾಸಿವೆ ಸೊಪ್ಪಿನ ಪಲ್ಯ, ಮೂಲಂಗಿಯ ಉಪ್ಪಿನಕಾಯಿ. ತಟ್ಟೆ ಬರಿದಾಗುವ ಮುನ್ನವೇ ಆ ಮನೆಯ ಹೆಂಗಸು ಬಂದು ಕೇಳದೆ ಅನ್ನ, ಸಾರು ಬಡಿಸಿದರು. ಎರಡನೇ ಸಲ, ಮೂರನೇ ಸಲ ಬಡಿಸಿದ್ದಕ್ಕೆ ಹೆಚ್ಚಿನ ಹಣವಿಲ್ಲ. ಸಸ್ಯಾಹಾರಿಯಾದ ನನ್ನ ಗೆಳತಿ ಹತ್ತು ದಿನ ಒಮ್ಮೆಯೂ ಊಟಕ್ಕೆ ಪರದಾಡಲಿಲ್ಲ. ರೈಲು ಬಸ್ಸುಗಳಿಗೆ 5,000, ಅಲ್ಲಿನ ಹತ್ತು ದಿನಗಳಿಗೆ ದಿನಕ್ಕೆ 1,600ರಂತೆ 16,000, ಒಟ್ಟು 21,000 ರೂಪಾಯಿ. ಅಂದರೆ ದಿನಕ್ಕೆ 2,100. ಆದರೆ ಈ ಹತ್ತು ದಿನಕ್ಕಾಗಿ ಮನೆಯಿಂದ ಹೊರಗಿರಬೇಕಾದದ್ದು ಹದಿನೈದು ದಿನ. ಅಷ್ಟು ರಜೆ ಇಲ್ಲದೆ ವಿಮಾನ ಹಿಡಿದರೆ ಮೊತ್ತ 38,000ಕ್ಕೆ ಏರುತ್ತದೆ.

ರಜೆ ಒಂದೇ ವಾರವಾದರೆ ಶ್ರೀಲಂಕೆಯನ್ನು ಮೀರಿಸುವ ಆಯ್ಕೆ ಇಲ್ಲ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಒಂದೂವರೆ ಗಂಟೆಯ ಹಾದಿ. ಬೆಳಗಿನ ವಿಮಾನ ಹತ್ತಿದರೆ ಅದೇ ಸಂಜೆ ಕ್ಯಾಂಡಿಯ ಕೆರೆಯ ದಂಡೆಯಲ್ಲಿರಬಹುದು. ದಾರಿಯಲ್ಲೇ ಒಂದು ಹಗಲು ಕಳೆದುಹೋಗುವುದಿಲ್ಲ ಎಂಬುದೇ ಏಳು ದಿನದ ಪ್ರವಾಸಿಗೆ ದೊಡ್ಡ ಉಳಿತಾಯ. ಹೊರಡುವ ಮೊದಲು ಇಟಿಎ ಎಂಬ ಅನುಮತಿಯನ್ನು ಅಲ್ಲಿನ ಸರಕಾರದ ತಾಣದಲ್ಲಿ ಪಡೆಯಬೇಕು. ಭಾರತೀಯರಿಗೆ ಅದರ ಶುಲ್ಕ ಎಷ್ಟು, ಇದೆಯೋ ಇಲ್ಲವೋ ಎಂಬ ನಿಯಮ ಕಳೆದ ಕೆಲವು ವರ್ಷಗಳಲ್ಲಿ ಹಲವು ಸಲ ಬದಲಾಗಿರುವುದರಿಂದ ಹಳೆಯ ಪ್ರವಾಸಿಗರ ಮಾತನ್ನು ನಂಬದೆ ಟಿಕೆಟ್ ತೆಗೆಯುವ ದಿನವೇ ನೋಡಿಕೊಳ್ಳಬೇಕು.

ಅಲ್ಲಿ ಓಡಾಟ ಬಲು ಅಗ್ಗ. ಸರಕಾರಿ ಬಸ್ಸುಗಳು ನಮ್ಮ ಹಳ್ಳಿ ರಸ್ತೆಯ ಕೆಂಪು ಬಸ್ಸಿನಂತೆಯೇ ಕೆಂಪು ಬಣ್ಣದವು, ಮತ್ತು ಹಾಗೆಯೇ ಎಲ್ಲ ಊರಿಗೂ ಹೋಗುತ್ತವೆ. ಬಸ್ಸಿನ ಫಲಕ ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲೂ ಇರುತ್ತದೆ. ಬೆಂಗಳೂರಿನಲ್ಲಿ ಬೆಳೆದು ನಾಲ್ಕು ಮಾತು ತಮಿಳು ಬಲ್ಲವರಿಗೆ ಟೀ ತೋಟಗಳ ಸೀಮೆಯಲ್ಲಿ ಅದು ಬಹಳ ನೆರವಾಗುತ್ತದೆ. ಕ್ಯಾಂಡಿಯಿಂದ ‘ಎಲ್ಲ’ ಎಂಬ ಗುಡ್ಡದ ಊರಿಗೆ ಹೋಗುವ ರೈಲು, 1921ರಲ್ಲಿ ಕಟ್ಟಿ ಮುಗಿಸಿದ ಒಂಬತ್ತು ಕಮಾನಿನ ಸೇತುವೆ, ಇವುಗಳಿಗಾಗಿಯೇ ಹೋಗುವವರಿದ್ದಾರೆ. ಆದರೆ 2025ರ ನವೆಂಬರಿನ ದಿತ್ವಾ ಚಂಡಮಾರುತದಲ್ಲಿ ಗುಡ್ಡಗಾಡಿನ ಹಳಿಗಳಿಗೆ ತೀವ್ರ ಹಾನಿಯಾಯಿತು; ನಿಮ್ಮ ತಾರೀಖಿಗೆ ಪೂರ್ತಿ ಮಾರ್ಗದಲ್ಲಿ ರೈಲು ಓಡುತ್ತಿದೆಯೇ ಎಂದು ತಿಳಿದುಕೊಂಡೇ ಯೋಜನೆ ಹಾಕಬೇಕು.

ಶ್ರೀಲಂಕೆಯಲ್ಲಿ ಕಿಸೆ ಬರಿದು ಮಾಡುವುದು ಪ್ರವೇಶ ಶುಲ್ಕಗಳು. ಐದನೇ ಶತಮಾನದಲ್ಲಿ ಕಾಶ್ಯಪ ರಾಜ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿದ ಸಿಗಿರಿಯಕ್ಕೆ ವಿದೇಶಿಯರು 30 ಡಾಲರಿಗೂ ಹೆಚ್ಚು ಕೊಡಬೇಕು. ಸಾರ್ಕ್ ಪ್ರಜೆಗಳಿಗೆ ಅದರ ಸುಮಾರು ಅರ್ಧದ ದರವಿದೆ, ಆದರೆ ಅದನ್ನು ನಾವೇ ಕೇಳಿ ಪಾಸ್‌ಪೋರ್ಟ್ ತೋರಿಸಬೇಕು. ಕೋಣೆಯಲ್ಲಿ ಪಾಸ್‌ಪೋರ್ಟ್ ಬಿಟ್ಟು ಬಂದಿದ್ದ ನಾವು ಬಿಸಿಲಲ್ಲಿ ಮತ್ತೆ ಮೂರು ಕಿಲೋಮೀಟರ್ ನಡೆದೆವು. ಒಬ್ಬರಿಗೆ ಆ ಅರ್ಧ ದರವೂ ಭಾರವೆನಿಸಿದರೆ ಎದುರಿನ ಪಿದುರಂಗಲ ಬಂಡೆಯನ್ನು ಅಲ್ಪ ಶುಲ್ಕ ಕೊಟ್ಟು ಹತ್ತಿ, ಸಿಗಿರಿಯವನ್ನು ಇಡಿಯಾಗಿ ನೋಡಬಹುದು. ನನಗೆ ಕೇಳಿದರೆ ಬೆಳಗಿನ ಜಾವ ಪಿದುರಂಗಲದಿಂದ ಕಾಣುವ ನೋಟವೇ ಹೆಚ್ಚು. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆಯ ಮಾತು: ಶಾವಿಗೆಯ ಜೊತೆ ಕೊಡುವ ತೆಂಗಿನಕಾಯಿ ಸಂಬೋಲ ನಮ್ಮ ಚಟ್ನಿಯಂತೆ ಕಂಡರೂ ಅದರಲ್ಲಿ ಒಣಮೀನಿನ ಪುಡಿ ಬೆರೆಸುವ ರೂಢಿಯಿದೆ, ಕೇಳಿಯೇ ತಿನ್ನಬೇಕು. ವಿಮಾನಕ್ಕೆ 18,000, ಏಳು ದಿನಕ್ಕೆ ದಿನಕ್ಕೆ 2,500ರಂತೆ 17,500, ಪ್ರವೇಶ ಶುಲ್ಕಗಳಿಗೆ 3,500. ಒಟ್ಟು 39,000, ದಿನಕ್ಕೆ ಸುಮಾರು 5,600 ರೂಪಾಯಿ.

ಹೆಚ್ಚು ದಿನ ಇದ್ದರೆ ದಿನದ ಲೆಕ್ಕದಲ್ಲಿ ವಿಯೆಟ್ನಾಂ ಏಳು ದಿನದ ಶ್ರೀಲಂಕೆಗಿಂತ ಅಗ್ಗವೆಂದರೆ ನನ್ನ ಸಹಪಾಠಿಗಳು ನಂಬುವುದಿಲ್ಲ. ವಿಮಾನಕ್ಕೆ 24,000, ವೀಸಾಕ್ಕೆ ಎರಡು ಸಾವಿರದ ಮೇಲೆ ಸ್ವಲ್ಪ ಎಂದಿಟ್ಟುಕೊಂಡರೆ ಹೊರಡುವ ಮುನ್ನವೇ 26,000 ಖರ್ಚು. ಆದರೆ ಅಲ್ಲಿ ದಿನಕ್ಕೆ 2,500ರಲ್ಲಿ ನೆಮ್ಮದಿಯಾಗಿ ಇರಬಹುದು. ಏಳು ದಿನ ಇದ್ದರೆ ದಿನಕ್ಕೆ 6,200 ಬೀಳುತ್ತದೆ, ಹತ್ತು ದಿನಕ್ಕೆ 5,100, ಹದಿನಾಲ್ಕು ದಿನ ಇದ್ದರೆ 4,350. ದೇಶವೂ ಹದಿನಾಲ್ಕು ದಿನ ಬೇಡುವಂಥದ್ದೇ. ಹನೋಯ್‌ನಿಂದ ಹೋ ಚಿ ಮಿನ್ ನಗರದವರೆಗೆ ರೈಲು ಹಾದಿಯೇ 1,726 ಕಿಲೋಮೀಟರ್ ಇದೆ. ಕೈಯಲ್ಲಿ ಹತ್ತೇ ದಿನವಿರುವವರು ಉತ್ತರ ದಕ್ಷಿಣ ಎರಡನ್ನೂ ನೋಡುವ ಆಸೆ ಬಿಟ್ಟು, ಹನೋಯ್, ನಿನ್ ಬಿನ್, ಹಾಲಾಂಗ್ ಕೊಲ್ಲಿಗಳ ಗುಂಪನ್ನೋ ಅಥವಾ ನಡುನಾಡಿನ ಹ್ವೇ, ದಾ ನಾಂಗ್, ಹೋಯ್ ಆನ್‌ಗಳ ಗುಂಪನ್ನೋ ಒಂದನ್ನು ಆರಿಸಿಕೊಳ್ಳಬೇಕು. ದೂರದ ಊರುಗಳ ನಡುವೆ ರಾತ್ರಿ ಸ್ಲೀಪರ್ ಬಸ್ಸು ಹಿಡಿದರೆ ಆ ರಾತ್ರಿಯ ಕೋಣೆ ಬಾಡಿಗೆ ಉಳಿಯುತ್ತದೆ.

ವೀಸಾ ವಿಷಯದಲ್ಲಿ ನಮಗೆ ಆದ ನಷ್ಟವನ್ನು ಇಲ್ಲಿ ಬರೆಯಲೇಬೇಕು. ಒಂದು ಸಲದ ಪ್ರವೇಶಕ್ಕೆ ಅಲ್ಲಿನ ಸರಕಾರ ತೆಗೆದುಕೊಳ್ಳುವುದು 25 ಡಾಲರ್. 2023ರ ಆಗಸ್ಟ್ 15ರಿಂದ ಇ-ವೀಸಾದ ಅವಧಿಯನ್ನು 90 ದಿನಗಳವರೆಗೆ ವಿಸ್ತರಿಸಲಾಗಿದೆ. ಆದರೆ ಹುಡುಕಿದಾಗ ಮೊದಲು ಕಾಣುವುದು ಸರಕಾರಿ ಲಾಂಛನದ ಹಾಗೆಯೇ ಚಿತ್ರ ಹಾಕಿಕೊಂಡ ಖಾಸಗಿ ಮಧ್ಯವರ್ತಿಗಳ ತಾಣಗಳು. ನನ್ನ ಗೆಳತಿ ಅಂಥ ಒಂದರಲ್ಲಿ ಅರ್ಜಿ ತುಂಬಿ ಎರಡರಷ್ಟು ಹಣ ಕಟ್ಟಿದಳು, ಜೊತೆಗೆ ಹೆಸರಿನ ಮೊದಲ ಭಾಗವೂ ತಂದೆಯ ಹೆಸರೂ ಅದಲುಬದಲಾಗಿ ಅರ್ಜಿಯನ್ನು ಮತ್ತೊಮ್ಮೆ ಹಾಕಬೇಕಾಯಿತು. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲದೆ ಇನಿಷಿಯಲ್ ಮಾತ್ರ ಇರುವುದರಿಂದ, ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲುಗಳಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೆಯೇ ಅಕ್ಷರ ಬಿಡದೆ ಬರೆಯಬೇಕು.

ಅಲ್ಲಿನ ಹಣವೂ ಆರಂಭದಲ್ಲಿ ತಲೆ ತಿರುಗಿಸುತ್ತದೆ. ನಮ್ಮ ಒಂದು ರೂಪಾಯಿ ಸುಮಾರು 300 ಡಾಂಗ್‌ಗೆ ಸಮ, ನೋಟುಗಳು ಪ್ಲಾಸ್ಟಿಕ್ಕಿನವು, ಮತ್ತು 20,000ದ ನೋಟೂ 5,00,000ದ ನೋಟೂ ನೀಲಿ ಬಣ್ಣದವೇ. ಹೋಯ್ ಆನ್‌ನ ನದಿ ದಂಡೆಯಲ್ಲಿ ಸಂಜೆ ಕಬ್ಬಿನ ಹಾಲು ಕುಡಿದು ನಾನು ಕೊಟ್ಟ ನೋಟನ್ನು ಅಂಗಡಿಯ ಅಜ್ಜಿ ತೆಗೆದುಕೊಳ್ಳದೆ, ತನ್ನ ಡಬ್ಬಿಯಿಂದ ಇನ್ನೊಂದು ನೀಲಿ ನೋಟು ತೆಗೆದು ಎರಡನ್ನೂ ನನ್ನ ಮುಂದೆ ಹಿಡಿದರು. ಅವರದರ ಹಿಂಬದಿಯಲ್ಲಿ ಒಂದು ಮಾಡು ಹೊದಿಸಿದ ಸೇತುವೆಯ ಚಿತ್ರವಿತ್ತು; ಬೆರಳು ಮಾಡಿ ತೋರಿಸಿದರೆ ಅದೇ ಸೇತುವೆ ನೂರು ಹೆಜ್ಜೆಯಾಚೆ ದೀಪ ಹಚ್ಚಿಕೊಂಡು ನಿಂತಿತ್ತು. ಎಪ್ಪತ್ತು ರೂಪಾಯಿಯೊಳಗಿನ ಕಬ್ಬಿನ ಹಾಲಿಗೆ ನಾನು ಸಾವಿರದ ಆರುನೂರಕ್ಕೂ ಮಿಕ್ಕಿದ ನೋಟನ್ನು ಕೊಡುತ್ತಿದ್ದೆ. ಆ ರಾತ್ರಿಯಿಂದ ಐದು ಲಕ್ಷದ ನೋಟುಗಳನ್ನು ಬೇರೆ ಲಕೋಟೆಯಲ್ಲಿ ಇಡತೊಡಗಿದೆವು.

ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಮೀ ಸನ್ ಚಂಪಾ ಅರಸರ ಶಿವಾಲಯಗಳ ಸಮೂಹ. ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಭದ್ರೇಶ್ವರನನ್ನು ಪ್ರತಿಷ್ಠಾಪಿಸಿದ ಜಾಗ ಇದು; ಯುದ್ಧಕಾಲದಲ್ಲಿ 1969ರ ಬಾಂಬ್ ದಾಳಿಗೆ ಇಲ್ಲಿನ ಅತಿ ದೊಡ್ಡ ಗೋಪುರ ನೆಲಸಮವಾಯಿತು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಇಲ್ಲಿ ಜೀರ್ಣೋದ್ಧಾರ ಕೈಗೊಂಡಾಗ 2020ರಲ್ಲಿ ಒಂಬತ್ತನೇ ಶತಮಾನದ ಏಕಶಿಲಾ ಶಿವಲಿಂಗವೊಂದು ಮಣ್ಣಿನಡಿ ದೊರೆಯಿತು. ಹಂಪಿ, ಪಟ್ಟದಕಲ್ಲುಗಳನ್ನು ನೋಡಿ ಬೆಳೆದ ನಮಗೆ ಆ ಕೆಂಪು ಇಟ್ಟಿಗೆಯ ಗೋಪುರಗಳ ನಡುವೆ ನಿಂತಾಗ ಎಲ್ಲಿಗೆ ಬಂದಿದ್ದೇವೆ ಎಂಬುದೇ ಮರೆತುಹೋಗುತ್ತದೆ. ನಾಲ್ಕು ದೇಶಗಳಲ್ಲಿ ನಾನು ನೋಡಿದ ಜಾಗಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಎರಡು ಎಚ್ಚರಿಕೆಗಳು ಮಾತ್ರ ಉಳಿದಿವೆ. ವಿಯೆಟ್ನಾಂನ ಅಡುಗೆಯಲ್ಲಿ ಮೀನಿನ ರಸ ಉಪ್ಪಿನಷ್ಟೇ ಸಾಮಾನ್ಯ; ಆದರೆ ಬೌದ್ಧರ ಶುದ್ಧ ಸಸ್ಯಾಹಾರಿ ಹೋಟೆಲುಗಳು ಊರೂರಿನಲ್ಲಿವೆ, ಫಲಕದಲ್ಲಿ ಸಸ್ಯಾಹಾರವೆಂದು ಸೂಚಿಸುವ ಚಾಯ್ (chay) ಎಂಬ ಪದವನ್ನು ಗುರುತಿಸಲು ಕಲಿತರೆ ಸಾಕು. ಇನ್ನೊಂದು, ಬಾಡಿಗೆಯ ಸ್ಕೂಟರ್. ಎಲ್ಲರೂ ಓಡಿಸುತ್ತಾರೆಂದು ನೀವೂ ಓಡಿಸಬೇಡಿ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ಒಪ್ಪಂದದ್ದನ್ನು. ಹಾಗಾಗಿ ಅಪಘಾತವಾದರೆ ನೀವು ಪರವಾನಗಿ ಇಲ್ಲದ ಚಾಲಕರು, ಪ್ರವಾಸ ವಿಮೆಯೂ ಕೈಕೊಡುತ್ತದೆ. ಊರೊಳಗೆ ಸೈಕಲ್, ಹೊರಗೆ ಬಸ್ಸು. ನಾವು ಹೀಗೆಯೇ ಸುತ್ತಿದೆವು.

ಥಾಯ್ಲೆಂಡ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಬಿಗಿ ಕೈಯ ವಿದ್ಯಾರ್ಥಿಗಳಿಗೆ ಅದನ್ನು ನಾನು ಮೊದಲ ಆಯ್ಕೆಯಾಗಿ ಹೇಳಲಾರೆ. 2023ರ ನವೆಂಬರಿನಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟದ್ದು ಅದರ ದೊಡ್ಡ ಆಕರ್ಷಣೆ. ಆ ನಿಯಮ ಪರಿಷ್ಕರಣೆಗೆ ಒಳಪಡುತ್ತಿರುವುದರಿಂದ ವಿನಾಯಿತಿ ಈಗಲೂ ಇದೆಯೇ, ಎಷ್ಟು ದಿನಕ್ಕೆ ಎಂದು ಹೊರಡುವ ಮುನ್ನ ಖಚಿತಪಡಿಸಿಕೊಳ್ಳಬೇಕು. 2025ರ ಮೇ 1ರಿಂದ ಆಗಮನದ ಡಿಜಿಟಲ್ ಪತ್ರವನ್ನು ಅಲ್ಲಿಗೆ ತಲುಪುವ ಮುಂಚಿನ ಮೂರು ದಿನಗಳೊಳಗೆ ತುಂಬಬೇಕಾಗಿದೆ, ಅದಕ್ಕೆ ಶುಲ್ಕವಿಲ್ಲ. ಆದರೆ ಬ್ಯಾಂಕಾಕಿನ ಅರಮನೆಗೆ 500 ಬಾತ್, ವಾಟ್ ಫೋ ದೇಗುಲಕ್ಕೆ 300 ಬಾತ್ ಎಂದು ಕೊಡುತ್ತ ಹೋದರೆ, ಒಂದು ಬಾತ್‌ಗೆ ನಮ್ಮ ಎರಡೂವರೆ ರೂಪಾಯಿಗೂ ಹೆಚ್ಚಿರುವಾಗ, ಒಂದು ಬೆಳಗ್ಗೆ ಎರಡು ಸಾವಿರ ಮುಗಿದಿರುತ್ತದೆ. ಎಟಿಎಂನಲ್ಲಿ ಒಂದೊಂದು ಸಲ ಹಣ ತೆಗೆದಾಗಲೂ 220 ಬಾತ್‌ನಷ್ಟು ಶುಲ್ಕ ಬೇರೆ. ಇವೆಲ್ಲದರ ನಡುವೆ ನಿಜವಾದ ಅಗ್ಗದ ಸಂತೋಷ ಅಯುತ್ಥಯ: ಬ್ಯಾಂಕಾಕಿನಿಂದ ಮೂರನೇ ದರ್ಜೆಯ ರೈಲಿನಲ್ಲಿ ಇಪ್ಪತ್ತು ಬಾತ್‌ನ ಆಸುಪಾಸಿನ ಟಿಕೆಟ್, ಇಳಿದು ಬಾಡಿಗೆ ಸೈಕಲ್ ಹತ್ತಿದರೆ 1767ರಲ್ಲಿ ಸುಟ್ಟುಹೋದ ರಾಜಧಾನಿಯ ಅವಶೇಷಗಳು ಇಡೀ ದಿನಕ್ಕೆ. ಏಳು ದಿನಕ್ಕೆ ವಿಮಾನ ಸೇರಿ 41,000 ಎಂದರೂ ದಿನಕ್ಕೆ 5,850 ಆಯಿತು.

ಇಬ್ಬರು ಜೊತೆಯಾಗಿ ಹೋಗುವುದರಿಂದ ಅರ್ಧವಾಗುವ ಖರ್ಚು ಯಾವುದು, ಆಗದ್ದು ಯಾವುದು ಎಂಬುದೂ ಆಯ್ಕೆಯ ಭಾಗ. ಕೋಣೆ, ಆಟೋ, ದಾರಿತೋರುವವರ ಸಂಬಳ ಅರ್ಧವಾಗುತ್ತವೆ. ಪ್ರವೇಶ ಶುಲ್ಕ, ವೀಸಾ, ಟಿಕೆಟ್ ಆಗುವುದಿಲ್ಲ. ಆದ್ದರಿಂದ ಶುಲ್ಕ ಹೆಚ್ಚಿರುವ ದೇಶದಲ್ಲಿ ಜೊತೆಗಾರರಿದ್ದರೂ ಉಳಿತಾಯ ಕಡಿಮೆ, ನೇಪಾಳದಂಥಲ್ಲಿ ಹೆಚ್ಚು. ಅಲ್ಲಿ ಇಬ್ಬರ ಕೋಣೆಯ ಬಾಡಿಗೆ ಬಹಳ ಸಲ ಡಾರ್ಮಿಟರಿಯ ಎರಡು ಹಾಸಿಗೆಯ ಬೆಲೆಯಷ್ಟೇ ಇರುತ್ತದೆ. ನಾವಿಬ್ಬರೂ ಹೊರಡುವ ಮುನ್ನವೇ ಒಂದು ಒಪ್ಪಂದ ಮಾಡಿಕೊಂಡೆವು: ಊಟ, ಕೋಣೆ, ಬಸ್ಸಿಗೆ ಸಮನಾಗಿ ಹಣ ಹಾಕಿದ ಒಂದೇ ಪರ್ಸು, ಉಳಿದದ್ದು ಅವರವರ ಇಷ್ಟ. ಸಿಗಿರಿಯ ಹತ್ತುವ ಆಸೆ ಒಬ್ಬರಿಗಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ ಅರ್ಧ ದಿನ ಬೇರೆಯಾಗಿ ಸುತ್ತಿದರೆ ಸ್ನೇಹಕ್ಕೇನೂ ಧಕ್ಕೆಯಿಲ್ಲ. ಇಷ್ಟವಿಲ್ಲದ ಖರ್ಚನ್ನು ಮುಲಾಜಿಗೆ ಬಿದ್ದು ಮಾಡಿದಾಗಲೇ ಮನಸ್ತಾಪ ಬರುವುದು. ಕಾರ್ಡುಗಳು ಬೇರೆ ಬೇರೆ ಬ್ಯಾಂಕಿನವಾಗಿರಲಿ, ಒಬ್ಬರ ಚೀಲದಲ್ಲಿ ಎಲ್ಲವೂ ಇರದಿರಲಿ. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಮೊದಲು ಅದನ್ನು ನವೀಕರಿಸಿಕೊಳ್ಳಬೇಕು.

ರಜೆಯ ತಿಂಗಳು ಯಾವುದೆಂಬುದು ಕೊನೆಯ ತೀರ್ಮಾನ ಮಾಡುತ್ತದೆ. ಡಿಸೆಂಬರ್ ಕೊನೆಯ ಒಂದು ವಾರವಾದರೆ ಶ್ರೀಲಂಕೆಯ ದಕ್ಷಿಣ ಮತ್ತು ಪಶ್ಚಿಮ ಕರಾವಳಿ; ಏಪ್ರಿಲ್ ಮೇ ತಿಂಗಳಲ್ಲಿ ಎರಡು ವಾರ ಸಿಕ್ಕಿ, ಕೈಯಲ್ಲಿ 61,000 ಇದ್ದರೆ ವಿಯೆಟ್ನಾಂ. ಹೋಯ್ ಆನ್‌ಗೆ ಅಕ್ಟೋಬರ್ ನವೆಂಬರ್‌ನಲ್ಲಿ ಹೋಗಬಾರದು, ಆಗ ನದಿ ಬೀದಿಗೆ ಬರುತ್ತದೆ. ಆ ತಿಂಗಳುಗಳು ನೇಪಾಳದವು: ಮಳೆ ನಿಂತು ಆಕಾಶ ತೊಳೆದಂತಿರುತ್ತದೆ, ಪೊಖರಾದ ಸಾರಂಗಕೋಟದಿಂದ ಅನ್ನಪೂರ್ಣ ಶಿಖರಗಳು ಕಾಣುತ್ತವೆ. ಅಲ್ಲಿನ ದಸರೆಯಾದ ದಸೈಂ ಹಬ್ಬದ ವಾರದಲ್ಲಿ ಮಾತ್ರ ಬಸ್ಸಿನಲ್ಲಿ ಜಾಗ ಸಿಗದು, ಅಂಗಡಿಗಳು ಮುಚ್ಚಿರುತ್ತವೆ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. ದೀಪಾವಳಿ, ಛಠ್ ಹಬ್ಬ ಮುಗಿಸಿ ದಕ್ಷಿಣದ ಊರುಗಳಿಗೆ ಕೆಲಸಕ್ಕೆ ಮರಳುವವರಿಂದ ಗೋರಖಪುರದ ರೈಲುಗಳು ಕಿಕ್ಕಿರಿದಿರುವುದರಿಂದ, ಹೋಗುವ ಟಿಕೆಟ್ಟಿಗಿಂತ ಬರುವ ಟಿಕೆಟ್ಟು ಸಿಗುವುದೇ ಕಷ್ಟ. ಬರುವ ದಿನದ ಟಿಕೆಟ್ ಸಿಕ್ಕಿದೆಯೆಂದು ಖಾತ್ರಿಯಾದ ಮೇಲೆಯೇ ಉಳಿದ ದಿನಗಳ ಯೋಜನೆ ಹಾಕಿ.